ಚಮಚ ತಿರುಗಿಸಿ ನೋಡಿ: ಇಂಗ್ಲೆಂಡಿನ ಬೆಳ್ಳಿ, ಅದರ ಮುದ್ರೆ, ಅದನ್ನು ಮಾಡಿದ ಕೈಗಳು

ಭಾಗ 1/11: ಐದು ಪುಟ್ಟ ಮುದ್ರೆ

ಈ ಚಿತ್ರ ನಾನೇ ಅಕೌಂಟ್ಸ್ ಪುಸ್ತಕದ ಹಿಂದಿನ ಹಾಳೆಯಲ್ಲಿ ಬಿಡಿಸಿದ್ದು. ಒಂದು ಚಮಚದ ಹಿಂಬದಿ, ಅಷ್ಟೇ. ಹಿಡಿಯ ತುದಿಯ ಹತ್ತಿರ ಸಾಲಾಗಿ ಐದು ಪುಟ್ಟ ಮುದ್ರೆ ಕಾಣ್ತಿದೆಯಲ್ಲ? ಒಂದೊಂದೂ ಅಕ್ಕಿ ಕಾಳಿನಷ್ಟು. ಅದನ್ನ ಓದೋಕೆ ಕಲಿತರೆ ಇಡೀ ಚಮಚದ ಜಾತಕ ಕೈಗೆ ಬರುತ್ತೆ.

ಮೊದಲನೆಯದು ಬಳ್ಳಿ ಬರವಣಿಗೆಯಲ್ಲಿ 'ಎಚ್ ಬಿ'. ಅಂದ್ರೆ ಹೆಸ್ಟರ್ ಬೇಟ್‌ಮನ್, ಲಂಡನ್ನಿನ ಒಬ್ಬ ವಿಧವೆ. ಎರಡನೆಯದು ನಡೆಯುತ್ತಿರುವ ಸಿಂಹ: ಬೆಳ್ಳಿ ಶುದ್ಧ ಅಂತ ಸಾಕ್ಷಿ. ಮೂರನೆಯದು ಕಿರೀಟ ಹಾಕಿದ ಚಿರತೆಯ ತಲೆ: ಪರೀಕ್ಷೆ ನಡೆದದ್ದು ಲಂಡನ್ನಿನಲ್ಲಿ. ನಾಲ್ಕನೆಯದು ಸಣ್ಣ 'ಕೆ' ಅಕ್ಷರ: 1785ರಿಂದ 1786ರ ನಡುವಿನ ವರ್ಷ. ಐದನೆಯದು ರಾಜ ಮೂರನೇ ಜಾರ್ಜ್‌ನ ಮುಖ: ಸುಂಕ ಕಟ್ಟಿದೆ ಅಂತ ರಸೀದಿ.

ಯಾರು, ಎಷ್ಟು ಶುದ್ಧ, ಎಲ್ಲಿ, ಯಾವಾಗ, ತೆರಿಗೆ ಕಟ್ಟಿದ್ರಾ? ನಾವು ವೋಚರ್ ನೋಡುವಾಗ ಕೇಳೋ ಪ್ರಶ್ನೆಗಳೇ ಇವು! ಇನ್ನೂರ ನಲವತ್ತು ವರ್ಷದ ಹಿಂದೆ ಒಂದು ಚಮಚದ ಮೇಲೆ ಅಷ್ಟಕ್ಕೂ ಉತ್ತರ ಹೊಡೆದು ಕಳಿಸ್ತಿದ್ರು.

ಬಿಕಾಂ ಓದೋನಿಗೆ ಇಂಗ್ಲೆಂಡಿನ ಹಳೇ ಚಮಚದ ಉಸಾಬರಿ ಯಾಕೆ ಅಂತ ಕೇಳ್ತೀರಾ? ಇದರಲ್ಲಿ ಬ್ಯಾಂಕಿಂಗ್ ಇದೆ, ತೆರಿಗೆ ಇದೆ, ತೆರಿಗೆ ಕಳ್ಳತನ ಇದೆ, ಗ್ರಾಹಕ ರಕ್ಷಣೆ ಇದೆ, ನೇಣುಗಂಬವೂ ಇದೆ. ಹನ್ನೊಂದು ಪೋಸ್ಟ್. ಸೇವ್ ಮಾಡ್ಕೊಂಡು ನಿಧಾನಕ್ಕೆ ಓದಿ.

ಭಾಗ 2/11: ಊಟದ ಮೇಜಿನ ಮೇಲೆ ಉಳಿತಾಯ ಖಾತೆ

ಇಂಗ್ಲೆಂಡಿನವರು ಬೆಳ್ಳಿ ಚಮಚ ಮಾಡಿಸ್ತಿದ್ದದ್ದು ಬರೀ ಜಂಬಕ್ಕಲ್ಲ. ಬ್ಯಾಂಕು ಅನ್ನೋದು ಸರಿಯಾಗಿ ಇಲ್ಲದ ಕಾಲ ಅದು. ಕೈಯಲ್ಲಿರೋ ದುಡ್ಡೂ ಬೆಳ್ಳಿ ನಾಣ್ಯವೇ, ಪಾತ್ರೆಯೂ ಬೆಳ್ಳಿಯೇ. ದುಡ್ಡು ಜಾಸ್ತಿ ಆದ್ರೆ ಅಕ್ಕಸಾಲಿಗನ ಹತ್ತಿರ ಕೊಟ್ಟು ಪಾತ್ರೆ ಮಾಡಿಸೋದು, ಕಷ್ಟ ಬಂದ್ರೆ ಪಾತ್ರೆ ಕರಗಿಸಿ ನಾಣ್ಯ ಮಾಡಿಸೋದು. ನಮ್ಮ ಮನೆಗಳಲ್ಲಿ ಬಳೆ, ಸರ ಮಾಡಿಸಿಟ್ಟು ಕಷ್ಟಕಾಲಕ್ಕೆ ಅಡ ಇಡೋ ಲೆಕ್ಕಾಚಾರವೇ.

ಇದರಿಂದ ಒಂದು ನಷ್ಟ ಆಯ್ತು. 1640ರ ದಶಕದಲ್ಲಿ ರಾಜ ಒಂದನೇ ಚಾರ್ಲ್ಸ್‌ಗೂ ಪಾರ್ಲಿಮೆಂಟಿಗೂ ಅಂತರ್ಯುದ್ಧ ನಡೆದಾಗ ಎರಡೂ ಕಡೆಯವರಿಗೆ ಸೈನಿಕರ ಸಂಬಳಕ್ಕೆ ದುಡ್ಡು ಬೇಕಿತ್ತು. ಆಕ್ಸ್‌ಫರ್ಡ್‌ನ ಕಾಲೇಜುಗಳು ತಲೆಮಾರುಗಳಿಂದ ಕೂಡಿಟ್ಟ ಬೆಳ್ಳಿಯನ್ನ ರಾಜನಿಗೆ ಒಪ್ಪಿಸಿದವು. ಎಲ್ಲಾ ಕುಲುಮೆಗೆ ಹೋಗಿ ನಾಣ್ಯ ಆಯ್ತು. ಅದಕ್ಕೇ 1640ಕ್ಕಿಂತ ಹಳೇ ಇಂಗ್ಲಿಷ್ ಬೆಳ್ಳಿ ಇವತ್ತು ಅಷ್ಟು ಅಪರೂಪ. ಉಳಿದದ್ದರಲ್ಲಿ ಚಮಚಗಳೇ ಜಾಸ್ತಿ.

ಮನಿ ಅಂಡ್ ಬ್ಯಾಂಕಿಂಗ್ ಪಾಠದಲ್ಲಿ 'ಗೋಲ್ಡ್‌ಸ್ಮಿತ್ ರಸೀದಿ' ಅಂತ ಒಂದು ಪ್ಯಾರಾ ಬರುತ್ತಲ್ಲ, ಪರೀಕ್ಷೆಗೆ ಎರಡು ಮಾರ್ಕಿನ ಪ್ರಶ್ನೆ? ಅದೇ ಜನ ಇವರು. ಗಟ್ಟಿ ತಿಜೋರಿ ಇದ್ದದ್ದು ಅಕ್ಕಸಾಲಿಗರ ಹತ್ತಿರ. ವ್ಯಾಪಾರಿಗಳು ಅಲ್ಲಿ ದುಡ್ಡಿಟ್ಟು ಚೀಟಿ ತಗೊಳ್ತಿದ್ರು. ಆ ಚೀಟಿಯೇ ಕೈಯಿಂದ ಕೈಗೆ ಓಡಾಡೋಕೆ ಶುರುವಾಯ್ತು. 17ನೇ ಶತಮಾನದ ಲಂಡನ್ನಿನ ಲೊಂಬಾರ್ಡ್ ಬೀದಿಯಲ್ಲಿ ಚಮಚ ಮಾರ್ತಿದ್ದವರಲ್ಲಿ ಕೆಲವರು ಹೀಗೆ ಬ್ಯಾಂಕರುಗಳಾದ್ರು.

ಚಮಚವೇ ದುಡ್ಡು ಅಂದ್ಮೇಲೆ ಒಂದೇ ಪ್ರಶ್ನೆ ಮುಖ್ಯ. ಈ ಬೆಳ್ಳಿ ನಿಜವಾದದ್ದಾ? ತಾಮ್ರ ಬೆರೆಸಿದ್ರೆ ಕಣ್ಣಿಗೆ ಗೊತ್ತಾಗಲ್ಲ.

ಭಾಗ 3/11: ಪುಟಕ್ಕಿಟ್ಟ ಬೆಳ್ಳಿ

1300ರಲ್ಲಿ ರಾಜ ಒಂದನೇ ಎಡ್ವರ್ಡ್ ಒಂದು ಕಾನೂನು ತಂದ. ಬೆಳ್ಳಿ ಸಾಮಾನು ನಾಣ್ಯದಷ್ಟಾದ್ರೂ ಶುದ್ಧ ಇರಬೇಕು, ಕಸುಬಿನ ಹಿರಿಯರು ಅಂಗಡಿ ಅಂಗಡಿಗೆ ಹೋಗಿ ಪರೀಕ್ಷೆ ಮಾಡಿ ಚಿರತೆ ತಲೆಯ ಮುದ್ರೆ ಹೊಡೀಬೇಕು ಅಂತ. 1363ರಲ್ಲಿ ಪ್ರತಿಯೊಬ್ಬ ಕಸುಬುದಾರನಿಗೂ ಅವನದೇ ಗುರುತು ಕಡ್ಡಾಯ ಆಯ್ತು.

ಶುದ್ಧತೆಯ ಲೆಕ್ಕ ಹೀಗೆ. ಒಂದು ಟ್ರಾಯ್ ಪೌಂಡ್ ಅಂದ್ರೆ 12 ಔನ್ಸ್, 1 ಔನ್ಸ್ ಅಂದ್ರೆ 20 ಪೆನಿವೇಟ್. ಒಟ್ಟು 240. ಅದರಲ್ಲಿ 11 ಔನ್ಸ್ 2 ಪೆನಿವೇಟ್, ಅಂದ್ರೆ 222 ಪಾಲು ಬೆಳ್ಳಿ ಇರಬೇಕು. 222 ಭಾಗಿಸು 240, ಕ್ಯಾಲ್ಕುಲೇಟರಲ್ಲಿ ಹೊಡೀರಿ: 0.925. ನಿಮ್ಮ ಉಂಗುರದ ಒಳಗೆ '925' ಅಂತ ಇರುತ್ತಲ್ಲ, ಅದು ಇದೇ. ಸ್ಟರ್ಲಿಂಗ್ ಅಂತ ಕರೆಯೋದು ಇದನ್ನೇ.

ಪರೀಕ್ಷೆ ಹೇಗೆ? ಒರೆಗಲ್ಲು ಚಿನ್ನಕ್ಕೆ ಸರಿ, ಬೆಳ್ಳಿಗೆ ಅಷ್ಟು ನಂಬೋಕಾಗಲ್ಲ. ಹಾಗಾಗಿ ಸಾಮಾನಿನಿಂದ ಒಂದಿಷ್ಟು ತುರಿ ಕೆರೆದು, ತೂಕ ಮಾಡಿ, ಸೀಸದ ಹಾಳೆಯಲ್ಲಿ ಸುತ್ತಿ, ಮೂಳೆಯ ಬೂದಿಯಿಂದ ಮಾಡಿದ ಪುಟ್ಟ ಬಟ್ಟಲಲ್ಲಿಟ್ಟು ಕುಲುಮೆಗೆ ಹಾಕ್ತಿದ್ರು. ಸೀಸ, ತಾಮ್ರ ಎಲ್ಲವನ್ನೂ ಬೂದಿ ಹೀರಿಕೊಳ್ಳುತ್ತೆ. ಕೊನೆಗೆ ಉಳಿಯೋದು ಅಪ್ಪಟ ಬೆಳ್ಳಿಯ ಒಂದು ಮಣಿ. ಅದನ್ನ ಮತ್ತೆ ತೂಗಿದ್ರೆ ಎಷ್ಟು ಕಲಬೆರಕೆ ಇತ್ತು ಅಂತ ಲೆಕ್ಕ ಸಿಕ್ತು. ಪುಟಕ್ಕಿಟ್ಟ ಚಿನ್ನ ಅಂತೀವಲ್ಲ, ಹಾಗೆ ಪುಟಕ್ಕಿಟ್ಟ ಬೆಳ್ಳಿ.

1478ರಲ್ಲಿ ಅಂಗಡಿಗೆ ಹೋಗೋದು ನಿಂತು, ಸಾಮಾನೇ ಲಂಡನ್ನಿನ ಗೋಲ್ಡ್‌ಸ್ಮಿತ್ಸ್ ಹಾಲ್ ಕಟ್ಟಡಕ್ಕೆ ಬರಬೇಕು ಅಂತ ಆಯ್ತು. ಹಾಲ್‌ನಲ್ಲಿ ಹೊಡೆದ ಮಾರ್ಕ್, ಅದಕ್ಕೇ ಹಾಲ್‌ಮಾರ್ಕ್! ಅದೇ ವರ್ಷ ದಿನಾಂಕದ ಅಕ್ಷರವೂ ಬಂತು. ಅದು ಬಂದದ್ದು ಮುಂದೆ ನಮ್ಮಂಥವರಿಗೆ ಇಸವಿ ತಿಳೀಲಿ ಅಂತಲ್ಲ. ಕಳಪೆ ಸಾಮಾನು ಸಿಕ್ಕಿಬಿದ್ರೆ ಆ ವರ್ಷ ಪರೀಕ್ಷೆ ಮಾಡಿದ ಅಧಿಕಾರಿ ಯಾರು ಅಂತ ಹಿಡಿಯೋಕೆ. ಆಡಿಟರ್ ಸಹಿ ಇದ್ದ ಹಾಗೆ.

1544ರಲ್ಲಿ ಸಿಂಹ ಸೇರಿಕೊಂಡಿತು. ಆ ಹೊತ್ತಿಗೆ ಎಂಟನೇ ಹೆನ್ರಿ ತನ್ನ ನಾಣ್ಯಕ್ಕೇ ತಾಮ್ರ ಬೆರೆಸ್ತಿದ್ದ. ರಾಜನ ದುಡ್ಡು ಕಳಪೆ, ಅಕ್ಕಸಾಲಿಗನ ಚಮಚ ಅಪ್ಪಟ. ಎಂಥಾ ಕಾಲ ನೋಡಿ.

ಭಾಗ 4/11: ನಾಣ್ಯ ತಿನ್ನುವ ಚಮಚ

17ನೇ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ನಾಣ್ಯಕ್ಕೆ ಒಂದು ರೋಗ ಹಿಡಿಯಿತು. ಸುತ್ತಿಗೆಯಲ್ಲಿ ಹೊಡೆದು ಮಾಡಿದ ಹಳೇ ನಾಣ್ಯಗಳ ಅಂಚು ಒಂದೇ ಸಮ ಇರ್ತಿರಲಿಲ್ಲ. ಜನ ಕತ್ತರಿಯಿಂದ ಅಂಚು ಕತ್ತರಿಸಿ ಬೆಳ್ಳಿ ಕೂಡಿಡ್ತಿದ್ರು. ನಾಣ್ಯ ಮಾತ್ರ ಅದೇ ಬೆಲೆಗೆ ಓಡ್ತಿತ್ತು. ಹಾಗೆ ಕತ್ತರಿಸಿದ ಚೂರು, ಕರಗಿಸಿದ ನಾಣ್ಯ ಎಲ್ಲಾ ಪಾತ್ರೆ, ಚಮಚ ಆಗಿಬಿಡ್ತಿತ್ತು. ನಾಣ್ಯಕ್ಕೂ ಚಮಚಕ್ಕೂ ಒಂದೇ ಶುದ್ಧತೆ ಅಲ್ವಾ, ಕರಗಿಸಿದ್ರೆ ಸಾಕು, ಬೇರೇನೂ ಮಾಡಬೇಕಿಲ್ಲ.

1696ರಲ್ಲಿ ಸರ್ಕಾರ ಹಳೇ ನಾಣ್ಯ ವಾಪಸ್ ತಗೊಂಡು ಹೊಸದು ಹೊಡೆಯೋಕೆ ಹೊರಟಿತು. ಹೊಸದೂ ಕುಲುಮೆಗೆ ಹೋದ್ರೆ ಏನು ಗತಿ? ಅದಕ್ಕೆ 1697ರಲ್ಲಿ ಒಂದು ಜಾಣ ಕಾನೂನು. ಇನ್ಮೇಲೆ ಪಾತ್ರೆಯ ಬೆಳ್ಳಿ ನಾಣ್ಯಕ್ಕಿಂತ ಹೆಚ್ಚು ಶುದ್ಧ ಇರಬೇಕು: 240ರಲ್ಲಿ 230 ಪಾಲು, ಸುಮಾರು ಶೇ. 95.8. ನಾಣ್ಯ ಕರಗಿಸಿದ್ರೆ ಅದು ಪರೀಕ್ಷೆಯಲ್ಲಿ ಪಾಸಾಗಲ್ಲ, ಮತ್ತೆ ಬೆಳ್ಳಿ ಸೇರಿಸ್ಬೇಕು. ಕರಗಿಸೋದರಲ್ಲಿ ಲಾಭವೇ ಉಳಿಯಲ್ಲ. ಹೊಸ ಗುರುತಾಗಿ ಸಿಂಹದ ಬದಲು ಕೂತಿರುವ ಬ್ರಿಟಾನಿಯಾ ದೇವಿ ಬಂದಳು. ಅದಕ್ಕೇ ಇದು ಬ್ರಿಟಾನಿಯಾ ಬೆಳ್ಳಿ.

ಯಾರನ್ನೂ ಜೈಲಿಗೆ ಹಾಕದೆ, ಬರೀ ಲಾಭದ ಲೆಕ್ಕ ಬದಲಿಸಿ ಜನರ ನಡತೆ ಬದಲಿಸಿದ್ದು ಇದು. ಇನ್ಸೆಂಟಿವ್ ಅನ್ನೋ ಪದಕ್ಕೆ ನನಗೆ ಸಿಕ್ಕ ಒಳ್ಳೇ ಉದಾಹರಣೆ.

ಆದ್ರೆ ತೊಂದರೆಯೂ ಇತ್ತು. ಶುದ್ಧ ಬೆಳ್ಳಿ ಮೆತ್ತಗೆ. ಹಿಡಿ ಬೇಗ ಬಾಗುತ್ತೆ, ಅಂಚು ಸವೆಯುತ್ತೆ. ಚಮಚಕ್ಕೆ ಸ್ವಲ್ಪ ತಾಮ್ರ ಬೇಕೇ ಬೇಕು. 1720ರಲ್ಲಿ ಸರ್ಕಾರ ಸ್ಟರ್ಲಿಂಗ್‌ಗೆ ಮತ್ತೆ ಒಪ್ಪಿಗೆ ಕೊಟ್ಟಿತು. ಬ್ರಿಟಾನಿಯಾ ಬೇಕಾದವರಿಗೆ ಅದೂ ಉಳಿಯಿತು, ಇವತ್ತಿಗೂ ಇದೆ. ಆದ್ರೆ ಪುಕ್ಕಟೆ ಒಪ್ಪಿಗೆ ಅಲ್ಲ, ಜೊತೆಗೆ ಒಂದು ಬಿಲ್ ಬಂತು.

ಭಾಗ 5/11: ಸುಂಕ ತಪ್ಪಿಸುವ ಕಲೆ

1720ರ ಬಿಲ್ ಇದು: ಮಾಡಿದ ಬೆಳ್ಳಿಯ ಪ್ರತಿ ಔನ್ಸಿಗೆ 6 ಪೆನ್ಸ್ ಸುಂಕ. ಕಡಿಮೆ ಅನ್ನಿಸ್ತಾ? ನಾಣ್ಯದ ಲೆಕ್ಕದಲ್ಲಿ ಒಂದು ಔನ್ಸ್ ಸ್ಟರ್ಲಿಂಗ್ ಬೆಳ್ಳಿ ಅಂದ್ರೆ 5 ಶಿಲ್ಲಿಂಗ್ 2 ಪೆನ್ಸ್, ಅಂದ್ರೆ 62 ಪೆನ್ಸ್. ಅದರ ಮೇಲೆ 6 ಅಂದ್ರೆ ಹತ್ತಿರ ಹತ್ತಿರ ಶೇ. 10. ನೂರು ಔನ್ಸಿನ ದೊಡ್ಡ ಪಾತ್ರೆಗೆ 2 ಪೌಂಡ್ 10 ಶಿಲ್ಲಿಂಗ್. ಸುಂಕ ಕಟ್ಟಿಸಿಕೊಳ್ತಿದ್ದದ್ದು ಎಲ್ಲಿ? ಸಾಮಾನು ಪರೀಕ್ಷೆಗೆ ಬಂದಾಗ ಹಾಲ್‌ನಲ್ಲೇ.

ಅಕ್ಕಸಾಲಿಗರು ಸುಮ್ನೆ ಇರ್ತಾರಾ? ಒಂದು ಚಿಕ್ಕ ಹಗುರ ಸಾಮಾನು ಮಾಡಿ ಪರೀಕ್ಷೆಗೆ ಕಳಿಸೋದು. ಅದಕ್ಕೆ ಮಾತ್ರ ಸುಂಕ ಕಟ್ಟಿ ಮುದ್ರೆ ಹೊಡೆಸೋದು. ಆಮೇಲೆ ಮುದ್ರೆ ಇರೋ ತುಂಡನ್ನ ಕತ್ತರಿಸಿ ದೊಡ್ಡ ಪಾತ್ರೆಯ ತಳಕ್ಕೆ ಬೆಸುಗೆ ಹಾಕಿಬಿಡೋದು. ಹೊರಗಿನಿಂದ ನೋಡಿದ್ರೆ ಎಲ್ಲಾ ಸರಿ. ಆ ಕಾಲದ ಅತಿ ದೊಡ್ಡ ಹೆಸರು ಪಾಲ್ ಡಿ ಲಾಮೆರಿ. ಅವನ ಮುದ್ರೆಯಿರುವ ಕೆಲವು ಪಾತ್ರೆಗಳಲ್ಲೂ ಈ ಕೈಚಳಕ ಸಿಕ್ಕಿದೆ.

ಇಲ್ಲಿ ಒಂದು ಮಾತು ಗಮನಿಸಿ. ಇಂಥ ಪಾತ್ರೆಗಳಲ್ಲಿ ಬೆಳ್ಳಿ ಸಾಮಾನ್ಯವಾಗಿ ಸರಿಯಾಗೇ ಇರ್ತಿತ್ತು. ಮೋಸ ಆದದ್ದು ಖಜಾನೆಗೆ. ಆದ್ರೆ ಮುದ್ರೆಯ ಮೇಲಿನ ನಂಬಿಕೆ ಒಂದು ಸಲ ಹೋದ್ರೆ ಗ್ರಾಹಕನಿಗೆ ಎರಡಕ್ಕೂ ವ್ಯತ್ಯಾಸ ಗೊತ್ತಾಗೋದು ಹೇಗೆ?

1758ರಲ್ಲಿ ಸರ್ಕಾರ ಸೋತು ಸುಂಕ ತೆಗೆದು, ಬದಲಿಗೆ ಮಾರಾಟಗಾರರ ಮೇಲೆ ಲೈಸೆನ್ಸ್ ಶುಲ್ಕ ಹಾಕಿತು. ಅದೇ ಕಾನೂನಿನಲ್ಲಿ ಮುದ್ರೆ ನಕಲು ಮಾಡಿದ್ರೆ ಮರಣದಂಡನೆ ಅಂತಲೂ ಬರೆಯಿತು. ನಿಜ, ಮರಣದಂಡನೆ. 1773ರಲ್ಲಿ ಅದನ್ನ ಇಳಿಸಿ 14 ವರ್ಷ ಗಡೀಪಾರು ಮಾಡಿದ್ರು.

ಭಾಗ 6/11: ಒಂದೇ ವರ್ಷ, ಚಹಾ ಮತ್ತು ಚಮಚ

1784. ಅಮೆರಿಕ ಕೈಬಿಟ್ಟು ಹೋಗಿದೆ, ಯುದ್ಧದ ಸಾಲ ತಲೆ ಮೇಲಿದೆ. ಪ್ರಧಾನಿ ವಿಲಿಯಂ ಪಿಟ್‌ಗೆ ಇಪ್ಪತ್ತೈದು ವಯಸ್ಸು. ನಮಗಿಂತ ಐದು ವರ್ಷ ದೊಡ್ಡವನು, ಅಷ್ಟೇ!

ಅವನು ಆ ವರ್ಷ ಮಾಡಿದ ಎರಡು ಕೆಲಸ ಪಕ್ಕಪಕ್ಕ ಇಟ್ಟು ನೋಡಿ. ಚಹಾದ ಮೇಲಿನ ಸುಂಕ ಶೇ. 119 ಇತ್ತು. ಅಷ್ಟು ಸುಂಕ ಇದ್ರೆ ಕಳ್ಳಸಾಗಣೆಯೇ ದೊಡ್ಡ ಉದ್ಯಮ ಆಗುತ್ತೆ, ಆಗಿತ್ತು ಕೂಡ. ಪಿಟ್ ಅದನ್ನ ಒಂದೇ ಏಟಿಗೆ ಶೇ. 12.5ಕ್ಕೆ ಇಳಿಸಿದ. ಕದ್ದು ತರೋದರಲ್ಲಿ ಲಾಭ ಹೋಯ್ತು, ಕಾನೂನಿನ ಚಹಾ ಮಾರಾಟ ಏರಿತು.

ಬೆಳ್ಳಿ ವಿಷಯದಲ್ಲಿ ಉಲ್ಟಾ. ಔನ್ಸಿಗೆ 6 ಪೆನ್ಸ್ ಸುಂಕವನ್ನ ವಾಪಸ್ ತಂದ. ಈ ಸಲ ಸುಂಕ ಕಟ್ಟಿದ್ದಕ್ಕೆ ರಸೀದಿಯಾಗಿ ರಾಜನ ಮುಖದ ಮುದ್ರೆಯನ್ನೂ ಸೇರಿಸಿದ. 1784ರ ಡಿಸೆಂಬರಿನಿಂದ 1786ರ ಮೇವರೆಗೆ ಆ ಮುಖ ತಗ್ಗಾಗಿ ಒತ್ತಿದ್ದು, ಆಮೇಲೆ ಉಬ್ಬಾಗಿ. ಭಾಗ 1ರ ಚಿತ್ರದಲ್ಲಿ ಮುಖ ತಗ್ಗಾಗಿದೆ, ಅಕ್ಷರ 'ಕೆ'. ಎರಡೂ ತಾಳೆ ಆಗುತ್ತೆ. ಸುಂಕ 1797ರಲ್ಲಿ 1 ಶಿಲ್ಲಿಂಗ್ ಆಯ್ತು, 1815ಕ್ಕೆ ಒಂದೂವರೆ ಶಿಲ್ಲಿಂಗ್. ಕೊನೆಗೆ 1890ರಲ್ಲಿ ಹೋಯ್ತು.

ಚಹಾ ಅಗ್ಗ ಆದಂತೆ ಚಹಾದ ಸಾಮಾನಿಗೆ ಬೇಡಿಕೆ. ಟೀ ಚಮಚ, ಸಕ್ಕರೆ ಇಕ್ಕಳ, ಡಬ್ಬಿಯಿಂದ ಎಲೆ ಅಳೆಯೋ ಗಿಡ್ಡ ಚಮಚ. ಈ ಗಿಡ್ಡ ಚಮಚಕ್ಕೆ ಬರ್ಮಿಂಗ್‌ಹ್ಯಾಮ್‌ನ ಜೋಸೆಫ್ ಟೇಲರ್, ಸ್ಯಾಮ್ಯುಯೆಲ್ ಪೆಂಬರ್ಟನ್ ಥರದವರು ಹೆಸರುವಾಸಿ. ಎಲೆ, ಚಿಪ್ಪು, ಜಾಕಿಯ ಟೋಪಿ, ಎಲ್ಲಾ ಆಕಾರದಲ್ಲೂ ಬಂತು.

ನೋಡೋಕೆ ಮುದ್ದಾಗಿದೆ. ಆದ್ರೆ ಆ ಇಕ್ಕಳದಲ್ಲಿ ಹಿಡೀತಿದ್ದ ಸಕ್ಕರೆ ಜಮೈಕಾ, ಬಾರ್ಬಡೋಸ್‌ಗಳ ಕಬ್ಬಿನ ತೋಟದ್ದು. ಅಲ್ಲಿ ದುಡೀತಿದ್ದವರು ಆಫ್ರಿಕಾದಿಂದ ಹಡಗಲ್ಲಿ ತುಂಬಿ ತಂದ ಗುಲಾಮರು ಮತ್ತು ಅವರ ಮಕ್ಕಳು. 1791ರಲ್ಲಿ ಇಂಗ್ಲೆಂಡಿನ ಸಾವಿರಾರು ಮನೆಗಳು ಆ ಸಕ್ಕರೆಯನ್ನೇ ಬಿಟ್ಟವು, ಅದರಲ್ಲಿ ಹೆಂಗಸರ ಪಾತ್ರ ದೊಡ್ಡದು. ಗುಲಾಮರ ವ್ಯಾಪಾರ ನಿಷೇಧ ಆಗೋಕೆ 1807 ಬರಬೇಕಾಯ್ತು, ಗುಲಾಮಗಿರಿಯ ರದ್ದತಿಗೆ 1833ರ ಕಾನೂನು. ಬೆಳ್ಳಿಯ ಶುದ್ಧತೆಗೆ ಐದು ಮುದ್ರೆ ಇತ್ತು, ಸಕ್ಕರೆಗೆ ಒಂದೂ ಇರಲಿಲ್ಲ.

ಭಾಗ 7/11: ಚಮಚ ಹುಟ್ಟುವ ಬಗೆ

ಚಮಚವನ್ನ ಅಚ್ಚಲ್ಲಿ ಎರಕ ಹೊಯ್ಯೋದು ಅಂತ ಅಂದ್ಕೊಳ್ಳಬೇಡಿ. ಒಳ್ಳೇ ಚಮಚ ಬಡಿದು ಮಾಡಿದ್ದು. ಬೆಳ್ಳಿ ಪಟ್ಟಿ ತಗೊಂಡು, ಕಾಯಿಸಿ, ಅಡಿಗಲ್ಲಿನ ಮೇಲಿಟ್ಟು ಬಡೀಬೇಕು. ಬಡಿದಷ್ಟೂ ಬೆಳ್ಳಿ ಬಿರುಸಾಗುತ್ತೆ. ಬಿರುಸಾದ್ರೆ ಸೀಳುತ್ತೆ. ಹಾಗಾಗಿ ಮತ್ತೆ ಕಾಯಿಸಿ ಮೆದು ಮಾಡಿ ಮತ್ತೆ ಬಡೀಬೇಕು. ಒಂದು ತುದಿ ಅಗಲ ಮಾಡಿ, ಸೀಸದ ದಿಮ್ಮಿಯ ಮೇಲಿಟ್ಟು ಗುಂಡು ತಲೆಯ ಉಕ್ಕಿನ ಅಚ್ಚಿನಿಂದ ಹೊಡೆದ್ರೆ ಬಟ್ಟಲು ಆಗುತ್ತೆ. ಆಮೇಲೆ ಅರ ಹಾಕಿ ಅಂಚು ತಿದ್ದಿ, ಉಜ್ಜಿ ಮೆರುಗು.

ಆಕಾರ ನೋಡಿಯೂ ಕಾಲ ಹೇಳಬಹುದು. 1710ರಿಂದ 1770ರ ಆಸುಪಾಸಿನ ಹ್ಯಾನೋವೇರಿಯನ್ ಮಾದರಿಯಲ್ಲಿ ಹಿಡಿಯ ತುದಿ ಮೇಲಕ್ಕೆ ಬಾಗಿರುತ್ತೆ. ಆಗ ಮೇಜಿನ ಮೇಲೆ ಚಮಚ ಕವುಚಿ ಇಡ್ತಿದ್ರು, ಅದಕ್ಕೇ ಮನೆತನದ ಲಾಂಛನ ಹಿಂಬದಿಯಲ್ಲಿ. 1760ರ ಸುಮಾರಿಗೆ ಬಂದ ಓಲ್ಡ್ ಇಂಗ್ಲಿಷ್ ಮಾದರಿಯಲ್ಲಿ ತುದಿ ಕೆಳಕ್ಕೆ ಬಾಗಿತು, ಚಮಚ ಅಂಗಾತ ಆಯ್ತು, ಲಾಂಛನ ಮುಂದಕ್ಕೆ ಬಂತು. 1800ರ ಹೊತ್ತಿಗೆ ಪಿಟೀಲಿನ ಆಕಾರದ ಹಿಡಿ, ಆಮೇಲೆ ಚಿಪ್ಪು, ಬಳ್ಳಿ ತುಂಬಿದ ಕಿಂಗ್ಸ್ ಮಾದರಿ. ಮುದ್ರೆಯ ಜಾಗವೂ ಸುಳಿವು: 1780ರ ಹಿಂದೆ ಬಟ್ಟಲಿನ ಹತ್ತಿರ, ಕಿರಿದಾದ ಕುತ್ತಿಗೆಯಲ್ಲಿ. ಅಲ್ಲಿ ಮುದ್ರೆ ಅರ್ಧಂಬರ್ಧ ನಜ್ಜುಗುಜ್ಜಾಗಿರುತ್ತೆ. ಆಮೇಲೆ ತುದಿಯ ಕಡೆಗೆ.

ಫೋರ್ಕ್ ಬಂದದ್ದು ತಡವಾಗಿ. ಥಾಮಸ್ ಕೊರಿಯಟ್ ಅನ್ನೋ ಪ್ರಯಾಣಿಕ 1608ರಲ್ಲಿ ಇಟಲಿಯಲ್ಲಿ ಜನ ಫೋರ್ಕಿನಲ್ಲಿ ತಿನ್ನೋದು ನೋಡಿ ತಾನೂ ಶುರು ಮಾಡಿದ, ಊರಲ್ಲಿ ಗೆಳೆಯರು ಅಡ್ಡಹೆಸರಿಟ್ಟು ನಕ್ಕರು. ಹಾಲ್‌ಮಾರ್ಕ್ ಇರುವ ಇಂಗ್ಲಿಷ್ ಬೆಳ್ಳಿ ಫೋರ್ಕುಗಳಲ್ಲಿ ತಿಳಿದ ಮಟ್ಟಿಗೆ ಅತಿ ಹಳೆಯದು 1632ರದ್ದು, ಎರಡೇ ಹಲ್ಲು, ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಅಲ್ಲೀವರೆಗೆ ಅವರೂ ಕೈಯಲ್ಲೇ ತಿಂತಿದ್ರು. ಕೈಯಲ್ಲಿ ಊಟ ಮಾಡೋದನ್ನ ನೋಡಿ ಮೂಗು ಮುರಿಯೋರು ಸಿಕ್ಕರೆ ಈ ಪೋಸ್ಟ್ ಕಳಿಸಿ.

ಭಾಗ 8/11: ಎಚ್ ಬಿ

ಹೆಸ್ಟರ್ ಬೇಟ್‌ಮನ್. 1708ರಲ್ಲಿ ಲಂಡನ್ನಿನಲ್ಲಿ ನಾಮಕರಣ. ಓದು ಬರಹ ಬರ್ತಿರಲಿಲ್ಲ ಅಂತ ಇತಿಹಾಸಕಾರರು ಹೇಳ್ತಾರೆ. ಗಂಡ ಜಾನ್ ಬೇಟ್‌ಮನ್ ಚಿನ್ನದ ಸರ ಮಾಡುವವನು. 1760ರಲ್ಲಿ ಕ್ಷಯದಿಂದ ತೀರಿಹೋದ, ಉಪಕರಣಗಳನ್ನ ಹೆಂಡತಿಗೆ ಬರೆದಿಟ್ಟ. 1761ರ ಏಪ್ರಿಲ್‌ನಲ್ಲಿ, ಐವತ್ತು ದಾಟಿದ ಈಕೆ ಗೋಲ್ಡ್‌ಸ್ಮಿತ್ಸ್ ಹಾಲ್‌ಗೆ ಹೋಗಿ ತನ್ನ ಹೆಸರಲ್ಲಿ ಮುದ್ರೆ ನೋಂದಾಯಿಸಿದಳು.

ವಿಧವೆಯಾದ್ಮೇಲೆ ಅನ್ನೋದು ಇಲ್ಲಿ ಮುಖ್ಯ. ಆಗಿನ ಇಂಗ್ಲಿಷ್ ಕಾನೂನಲ್ಲಿ ಮದುವೆಯಾದ ಹೆಣ್ಣಿಗೆ ತನ್ನ ಹೆಸರಲ್ಲಿ ಆಸ್ತಿ ಇಲ್ಲ, ಒಪ್ಪಂದ ಮಾಡೋ ಹಕ್ಕಿಲ್ಲ, ಎಲ್ಲಾ ಗಂಡನದ್ದು. ಗಂಡ ಸತ್ತ ಮೇಲೆ ಮಾತ್ರ ಕಾನೂನಿನ ಕಣ್ಣಿಗೆ ಅವಳು ಒಬ್ಬ ವ್ಯಕ್ತಿ. ಬಿಸಿನೆಸ್ ಲಾ ಕ್ಲಾಸಲ್ಲಿ 'ಒಪ್ಪಂದಕ್ಕೆ ಯಾರು ಅರ್ಹರು' ಅನ್ನೋ ಪಟ್ಟಿ ಓದುವಾಗ ಇದು ನೆನಪಿರಲಿ. ಆ ಪಟ್ಟಿಗೆ ಸೇರೋಕೆ ಹೆಸ್ಟರ್ ಗಂಡನನ್ನ ಕಳ್ಕೋಬೇಕಾಯ್ತು.

ಮೊದಲ ಹತ್ತು ಹದಿಮೂರು ವರ್ಷ ಅವಳ ಮುದ್ರೆ ಇರೋ ಸಾಮಾನು ಸಿಗೋದು ಕಡಿಮೆ. ಹೆಚ್ಚಾಗಿ ಬೇರೆ ಅಂಗಡಿಗಳಿಗೆ ಮಾಡಿಕೊಡ್ತಿದ್ದಳು. ಮಾಡಿದ್ದು ಇವಳು, ಮುದ್ರೆ ಅವರದ್ದು. 1774ರಿಂದ ಅವಳ 'ಎಚ್ ಬಿ' ಎಲ್ಲೆಲ್ಲೂ ಕಾಣೋಕೆ ಶುರು. ಮಕ್ಕಳು ಪೀಟರ್, ಜೋನಾಥನ್ ಕಾರ್ಖಾನೆಯಲ್ಲಿದ್ರು. ತೆಳು ಬೆಳ್ಳಿ ತಗಡು, ಸರಳ ಆಕಾರ, ಅಂಚಿಗೆ ಸಣ್ಣ ಮಣಿಸಾಲು. ರಾಜಮನೆತನಕ್ಕಲ್ಲ, ಹೊಸದಾಗಿ ದುಡ್ಡು ಕಂಡ ಮಧ್ಯಮ ವರ್ಗಕ್ಕೆ. ಮಾರ್ಕೆಟ್ ಸೆಗ್ಮೆಂಟ್ ಅಂದ್ರೆ ಇದೇ ತಾನೇ?

1790ರಲ್ಲಿ, ಎಂಬತ್ತು ದಾಟಿದ ಮೇಲೆ, ಕೆಲಸ ಬಿಟ್ಟಳು. 1791ರಲ್ಲಿ ಜೋನಾಥನ್ ಸತ್ತ. ಅವನ ವಿಧವೆ ಆನ್, ಗಂಡನ ಅಣ್ಣ ಪೀಟರ್ ಜೊತೆ ಮುದ್ರೆ ನೋಂದಾಯಿಸಿದಳು. ಅತ್ತೆ ಆಯ್ತು, ಈಗ ಸೊಸೆ. ಹೆಸ್ಟರ್ ತೀರಿಕೊಂಡದ್ದು 1794ರಲ್ಲಿ.

20ನೇ ಶತಮಾನದಲ್ಲಿ, ಅದರಲ್ಲೂ ಅಮೆರಿಕದಲ್ಲಿ, ಸಂಗ್ರಹಕಾರರು ಅವಳನ್ನ ಹೊತ್ತು ಮೆರೆಸಿದ್ರು. ಆಮೇಲೆ ಕೆಲವರು ಕೇಳಿದ್ರು: ಅಷ್ಟನ್ನೂ ಅವಳೇ ಸುತ್ತಿಗೆ ಹಿಡಿದು ಮಾಡಿದಳಾ? ಖಂಡಿತ ಇಲ್ಲ, ಮಾಡಿದ್ದು ಕಾರ್ಖಾನೆ. ಆದ್ರೆ ಇದೇ ಪ್ರಶ್ನೆಯನ್ನ ದೊಡ್ಡ ದೊಡ್ಡ ಗಂಡಸರ ಮುದ್ರೆಗಳಿಗೂ ಕೇಳಬೇಕಲ್ಲ? ಅಲ್ಲೂ ಹೆಸರು ಒಬ್ಬನದು, ದುಡಿಮೆ ಹತ್ತಾರು ಜನರದ್ದು. ಮುದ್ರೆ ಹೇಳೋದು 'ಈ ಬೆಳ್ಳಿಗೆ ನಾನು ಜವಾಬ್ದಾರಿ' ಅಂತ ಮಾತ್ರ. ಆ ಜವಾಬ್ದಾರಿ ಹೆಸ್ಟರ್ ಸುಮಾರು ಮೂವತ್ತು ವರ್ಷ ಹೊತ್ತಳು.

ಭಾಗ 9/11: ಉಳಿದ ಹೆಸರುಗಳು, ಹೆಸರಿಲ್ಲದವರು

ಚಮಚದಲ್ಲೇ ಪಳಗಿದ ಇನ್ನೊಂದು ವಂಶಾವಳಿ ನೋಡಿ. ವಿಲಿಯಂ ಈಲಿ ಮತ್ತು ವಿಲಿಯಂ ಫರ್ನ್ 1797ರಲ್ಲಿ ಪಾಲುದಾರರು. 1808ರಲ್ಲಿ ವಿಲಿಯಂ ಚಾನರ್ ಸೇರಿದ. ಮೂವರು ವಿಲಿಯಂಗಳ ಪಾರ್ಟ್‌ನರ್‌ಶಿಪ್! ಚಾನರ್ 1834ರಲ್ಲಿ ಸತ್ತಾಗ ವಿಧವೆ ಮೇರಿ ಚಾನರ್ ತನ್ನ ಮುದ್ರೆ ನೋಂದಾಯಿಸಿ ನಡೆಸಿದಳು. 1840ರಲ್ಲಿ ಅಳಿಯ ಜಾರ್ಜ್ ಆಡಮ್ಸ್ ಬಂದ. ಅವನ 'ಜಿ ಎ' ಮುದ್ರೆ ವಿಕ್ಟೋರಿಯಾ ಕಾಲದ ಚಮಚ, ಫೋರ್ಕುಗಳಲ್ಲಿ ಎಲ್ಲಿ ನೋಡಿದ್ರೂ ಸಿಗುತ್ತೆ.

ಲಂಡನ್ನಿನ ಹಿಡಿತ ಮುರಿದವನು ಬರ್ಮಿಂಗ್‌ಹ್ಯಾಮ್‌ನ ಮ್ಯಾಥ್ಯೂ ಬೋಲ್ಟನ್. ಮುಂದೆ ಜೇಮ್ಸ್ ವಾಟ್ ಜೊತೆ ಉಗಿ ಯಂತ್ರ ಮಾಡಿದನಲ್ಲ, ಅವನೇ. ಅವನ ಬೆಳ್ಳಿ ಮುದ್ರೆಗಾಗಿ 70 ಮೈಲಿ ದೂರದ ಚೆಸ್ಟರ್‌ಗೆ ಗಾಡಿಯಲ್ಲಿ ಹೋಗಿ ಬರಬೇಕಿತ್ತು. ತಡ, ಖರ್ಚು, ದಾರಿಯಲ್ಲಿ ಜಖಂ. ಲಂಡನ್ನಿನವರು ವಿರೋಧ ಮಾಡಿದ್ರೂ ಅವನು ಪಾರ್ಲಿಮೆಂಟಿಗೆ ದುಂಬಾಲು ಬಿದ್ದು 1773ರಲ್ಲಿ ಬರ್ಮಿಂಗ್‌ಹ್ಯಾಮ್, ಶೆಫೀಲ್ಡ್ ಎರಡೂ ಊರಿಗೆ ಪರೀಕ್ಷಾ ಕಚೇರಿ ತಂದ. ಒಂದಕ್ಕೆ ಲಂಗರಿನ ಗುರುತು, ಇನ್ನೊಂದಕ್ಕೆ ಕಿರೀಟ. ಸಮುದ್ರವೇ ಇಲ್ಲದ ಊರಿಗೆ ಲಂಗರು ಯಾಕೆ? ಎರಡೂ ಊರಿನವರು ಲಂಡನ್ನಿನಲ್ಲಿ 'ಕ್ರೌನ್ ಅಂಡ್ ಆಂಕರ್' ಅನ್ನೋ ಹೋಟೆಲಿನಲ್ಲಿ ಸೇರ್ತಿದ್ರು, ನಾಣ್ಯ ಚಿಮ್ಮಿ ಗುರುತು ಹಂಚಿಕೊಂಡ್ರು ಅಂತ ಕಥೆ.

ಶೆಫೀಲ್ಡ್ ಅಂದ್ರೆ ಚಾಕು. ಬೆಳ್ಳಿ ಚಾಕು ಏನನ್ನೂ ಸರಿಯಾಗಿ ಕೊಯ್ಯಲ್ಲ, ಅಲಗು ಉಕ್ಕಿನದ್ದೇ ಬೇಕು. ಹಿಡಿ ಮಾತ್ರ ತೆಳು ಬೆಳ್ಳಿ ತಗಡು, ಒಳಗೆ ರಾಳ ತುಂಬಿದ್ದು. ಆ ಉಕ್ಕಿನ ಸಾಮಾನನ್ನ ಒಣ ಕಲ್ಲಿನ ಮೇಲೆ ಸಾಣೆ ಹಿಡೀತಿದ್ದವರ ಶ್ವಾಸಕೋಶಕ್ಕೆ ಕಲ್ಲು, ಉಕ್ಕಿನ ಧೂಳು ಹೋಗಿ ಚಿಕ್ಕ ವಯಸ್ಸಲ್ಲೇ ಸಾಯ್ತಿದ್ರು. ಉಕ್ಕಿನ ಫೋರ್ಕ್ ಸಾಣೆ ಹಿಡಿಯೋರ ಗತಿ ಎಲ್ಲಕ್ಕಿಂತ ಕೆಟ್ಟದ್ದು. ಚಮಚ, ಫೋರ್ಕಿಗೆ ಮೆರುಗು ಕೊಡ್ತಿದ್ದದ್ದು ಹೆಣ್ಣುಮಕ್ಕಳು. ತಲೆಗೆ ಬಟ್ಟೆ, ಮೈಮೇಲೆ ಕಂದು ಕಾಗದ ಸುತ್ತಿಕೊಂಡು ಮಸಿಯಲ್ಲಿ ಮುಳುಗಿ ಕೆಲಸ. ಇವರ ಯಾರ ಹೆಸರೂ ಯಾವ ಮುದ್ರೆಯಲ್ಲೂ ಇಲ್ಲ.

1840ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಎಲ್ಕಿಂಗ್‌ಟನ್ ಕಂಪನಿ ವಿದ್ಯುತ್ತಿನಿಂದ ಬೆಳ್ಳಿ ಲೇಪ ಹಾಕೋ ವಿಧಾನಕ್ಕೆ ಪೇಟೆಂಟ್ ಪಡೆಯಿತು. ಅಗ್ಗದ ಲೋಹ, ಮೇಲೆ ಬೆಳ್ಳಿಯ ತೆಳು ಪದರ. ಗುಮಾಸ್ತನ ಮನೆಗೂ ಹೊಳೆಯೋ ಚಮಚ ಬಂತು.

ಭಾಗ 10/11: ನಲವತ್ತು ಶಿಲ್ಲಿಂಗ್

ಇದು ನನಗೆ ಈ ಇಡೀ ಕಥೆಯಲ್ಲಿ ಮನಸ್ಸಿಂದ ಹೋಗದ ಲೆಕ್ಕ.

1713ರಿಂದ ಇಂಗ್ಲೆಂಡಿನಲ್ಲಿ, ವಾಸದ ಮನೆಯಿಂದ 40 ಶಿಲ್ಲಿಂಗ್ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ವಸ್ತು ಕದ್ದರೆ ಮರಣದಂಡನೆ. ಒಂದು ಊಟದ ಚಮಚದ ತೂಕ ಸುಮಾರು 2 ಔನ್ಸ್. ಔನ್ಸಿಗೆ 5 ಶಿಲ್ಲಿಂಗ್ 2 ಪೆನ್ಸ್ ಅಂದ್ರೆ ಒಂದು ಚಮಚಕ್ಕೆ 10 ಶಿಲ್ಲಿಂಗ್ 4 ಪೆನ್ಸ್. ನಾಲ್ಕು ಚಮಚ? 41 ಶಿಲ್ಲಿಂಗ್ 4 ಪೆನ್ಸ್.

ಮೂರು ಚಮಚ ಕದ್ದರೆ ಜೀವ ಉಳಿಯಬಹುದು. ನಾಲ್ಕು ಕದ್ದರೆ ಕಾನೂನಿನ ಪ್ರಕಾರ ನೇಣು.

ಮನೆಗೆಲಸದ ಹುಡುಗಿಯರು, ಹುಡುಗರು ಬೆಳ್ಳಿ ಚಮಚ ಕದ್ದ ಕೇಸುಗಳು ಲಂಡನ್ನಿನ ಓಲ್ಡ್ ಬೈಲಿ ಕೋರ್ಟಿನ ದಾಖಲೆಗಳಲ್ಲಿ ಸಾಲು ಸಾಲು ಇವೆ. ಚಮಚವನ್ನೇ ಯಾಕೆ? ಚಿಕ್ಕದು, ಸೆರಗಲ್ಲಿ ಮುಚ್ಚಬಹುದು, ಅಡವಿನ ಅಂಗಡಿಯಲ್ಲಿ ತಕ್ಷಣ ದುಡ್ಡು. ಸಿಕ್ಕಿಬೀಳ್ತಿದ್ದದ್ದೂ ಅದರಿಂದಲೇ: ಹಿಡಿಯ ಮೇಲೆ ಮನೆತನದ ಲಾಂಛನ ಇರುತ್ತಲ್ಲ.

ಜ್ಯೂರಿಯಲ್ಲಿ ಕೂತವರು ಕಟುಕರಾಗಿರಲಿಲ್ಲ. ಅವರೊಂದು ದಾರಿ ಹುಡುಕಿದ್ರು. ಕಳ್ಳತನ ಸಾಬೀತಾಗಿದೆ, ಆದ್ರೆ ಕದ್ದ ಮಾಲಿನ ಬೆಲೆ 39 ಶಿಲ್ಲಿಂಗ್ ಅಂತ ತೀರ್ಪು ಕೊಡ್ತಿದ್ರು. ಎಲ್ಲರಿಗೂ ಗೊತ್ತು ಅದು ಸುಳ್ಳು ಅಂತ. ಬೆಳ್ಳಿ ತಾನೇ, ತೂಗಿದ್ರೆ ಬೆಲೆ ಬರುತ್ತೆ. ಆದ್ರೂ 39. ಆ ಒಂದು ಶಿಲ್ಲಿಂಗಿನ ಸುಳ್ಳಲ್ಲಿ ಒಂದು ಜೀವ ಉಳೀತಿತ್ತು, ನೇಣಿನ ಬದಲು ಗಡೀಪಾರು. 1827ರಲ್ಲಿ ಮಿತಿಯನ್ನ 5 ಪೌಂಡಿಗೆ ಏರಿಸಿದ್ರು. ಮರಣದಂಡನೆ ಪೂರ್ತಿ ಹೋಗೋಕೆ ಇನ್ನೂ ಕೆಲವು ವರ್ಷ ಹಿಡೀತು.

ನಮಗೆ ವ್ಯಾಲ್ಯುಯೇಷನ್ ಪಾಠದಲ್ಲಿ ಸರಿಯಾದ ಬೆಲೆ ಬರೆಯೋದೇ ಧರ್ಮ ಅಂತ ಹೇಳಿಕೊಡ್ತಾರೆ. ಒಪ್ಪುತ್ತೇನೆ. ಆದ್ರೆ ಈ ಹನ್ನೆರಡು ಜನ ಬರೆದ ತಪ್ಪು ಬೆಲೆಯ ಬಗ್ಗೆ ನೀವೇನಂತೀರಿ? ಕಾಮೆಂಟಲ್ಲಿ ಹೇಳಿ, ನಿಜಕ್ಕೂ ತಿಳ್ಕೋಬೇಕು ಅಂತಿದೆ.

ಭಾಗ 11/11: ಕೊಳ್ಳುವ ಮುಂಚೆ

ಹಳೇ ಇಂಗ್ಲಿಷ್ ಚಮಚ ಎಲ್ಲಾದ್ರೂ ಕೈಗೆ ಸಿಕ್ಕರೆ ಏನು ನೋಡಬೇಕು? ಚಿಕ್ಕ ಪಟ್ಟಿ:

ಒಂದು, 'ಇಪಿಎನ್‌ಎಸ್' ಅಂತಿದ್ರೆ ಅದು ಬೆಳ್ಳಿ ಲೇಪ ಮಾತ್ರ. ಪಕ್ಕದಲ್ಲಿ ಹಾಲ್‌ಮಾರ್ಕ್ ಥರ ಕಾಣೋ ಸಾಲು ಮುದ್ರೆ ಇದ್ರೂ ಏಮಾರಬೇಡಿ.

ಎರಡು, ಹಳೇ ಫೋರ್ಕುಗಳು ಚಮಚಕ್ಕಿಂತ ಅಪರೂಪ, ಹಾಗಾಗಿ ಬೆಲೆ ಜಾಸ್ತಿ. ಅದಕ್ಕೆ ಚಮಚದ ಬಟ್ಟಲು ಬಡಿದು ಹಲ್ಲು ಕತ್ತರಿಸಿ ಫೋರ್ಕ್ ಮಾಡೋ ಮೋಸ ಇದೆ. ಹಲ್ಲು ಅತಿ ತೆಳುವಾಗಿದ್ರೆ, ಒಟ್ಟು ಅಳತೆ ವಿಚಿತ್ರ ಅನ್ನಿಸಿದ್ರೆ ಅನುಮಾನ ಪಡಿ.

ಮೂರು, ಬಟ್ಟಲಲ್ಲಿ ಹಣ್ಣುಗಳ ಉಬ್ಬು ಚಿತ್ರ, ಚಿನ್ನದ ಲೇಪ ಇರೋ 18ನೇ ಶತಮಾನದ ಚಮಚ ಸಿಕ್ಕರೆ, ಚಿತ್ರ ಬಹುತೇಕ ವಿಕ್ಟೋರಿಯಾ ಕಾಲದಲ್ಲಿ ಸೇರಿಸಿದ್ದು. ಚಮಚ ಹಳೇದು, ಅಲಂಕಾರ ಹೊಸದು.

ನಾಲ್ಕು, ಮುದ್ರೆಗಳು ಒಂದಕ್ಕೊಂದು ತಾಳೆ ಆಗಬೇಕು. ರಾಜನ ಮುಖ ಇದೆ, ಆದ್ರೆ ಅಕ್ಷರ 1770ರದ್ದು ಅಂದ್ರೆ ಎಲ್ಲೋ ಎಡವಟ್ಟಿದೆ. ಕಿರೀಟ ಇಲ್ಲದ ಚಿರತೆ ಇದ್ರೆ ಅದು 1821ರ ನಂತರದ ಲಂಡನ್. ಒಂದು ದಾಖಲೆಯನ್ನ ಇನ್ನೊಂದರ ಜೊತೆ ತಾಳೆ ನೋಡೋದು, ನಮ್ಮ ಆಡಿಟಿಂಗ್ ಪಾಠವೇ.

ಈಗ ನಮ್ಮ ಕಡೆಗೆ. ನಮ್ಮ ದೇಶದಲ್ಲಿ ಚಿನ್ನದ ಒಡವೆಗೆ ಹಾಲ್‌ಮಾರ್ಕ್ 2021ರ ಜೂನ್‌ನಿಂದ ಹಂತ ಹಂತವಾಗಿ ಕಡ್ಡಾಯ ಆಯ್ತು. ಬಿಐಎಸ್ ಗುರುತು, ಶುದ್ಧತೆ, ಮತ್ತು ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಸಂಖ್ಯೆ. 22 ಕ್ಯಾರಟ್ ಅಂದ್ರೆ 916. ಬಿಐಎಸ್ ಕೇರ್ ಆ್ಯಪಲ್ಲಿ ಆ ಸಂಖ್ಯೆ ಹಾಕಿದ್ರೆ ಯಾವ ಆಭರಣ, ಎಷ್ಟು ಶುದ್ಧ, ಎಲ್ಲಿ ಪರೀಕ್ಷೆ ಆಯ್ತು ಅಂತ ಬರುತ್ತೆ. ಚಿರತೆ, ಸಿಂಹ, ಅಕ್ಷರ ಮಾಡ್ತಿದ್ದ ಕೆಲಸವೇ, ಈಗ ಫೋನಲ್ಲಿ.

ಮನೆಯಲ್ಲಿ ಅಮ್ಮನೋ ಅಕ್ಕನೋ ಮುಂದಿನ ಸಲ ಒಡವೆ ಅಂಗಡಿಗೆ ಹೊರಟಾಗ ಜೊತೆಗೆ ಹೋಗಿ. ಬಿಲ್ ಕೈಗೆ ಬರೋ ಮುಂಚೆ ಒಡವೆ ತಿರುಗಿಸಿ ಆ ಆರು ಅಕ್ಷರ ಹುಡುಕಿ, ಅಲ್ಲೇ ಆ್ಯಪಲ್ಲಿ ಹಾಕಿ ನೋಡಿ. ಅಂಗಡಿಯವರು ಮುಖ ಗಂಟಿಕ್ಕಿದ್ರೂ ಪರವಾಗಿಲ್ಲ. ನೋಡೋ ಹಕ್ಕು ನಿಮ್ಮದು.

ಮುಂದಿನ ಸರಣಿಗೆ ಯಾವ ವಸ್ತು ತಗೊಳ್ಳಲಿ? ಬೀಗ, ತಕ್ಕಡಿ, ಅಂಚೆ ಚೀಟಿ. ಯಾವುದು ಬೇಕು ಅಂತ ಕಾಮೆಂಟ್ ಮಾಡಿ.

#ಚಮಚದಕಥೆ #ಹಾಲ್‌ಮಾರ್ಕ್ #ಹೆಸ್ಟರ್‌ಬೇಟ್‌ಮನ್ #ಬಿಕಾಂಇತಿಹಾಸ #ಕನ್ನಡದಲ್ಲಿಓದಿ